ಶಾಲೆಯ ಆರೋಗ್ಯ ಪತ್ರ ಕಡತಕ್ಕಲ್ಲ, ಮಗುವಿಗೆ

ಪ್ರತಿ ವರ್ಷ ಮೇ–ಜೂನ್ ತಿಂಗಳುಗಳಲ್ಲಿ ರಾಜ್ಯದ ಊರೂರುಗಳಲ್ಲಿ ಶಾಲಾ ಪ್ರವೇಶದ ಗಡಿಬಿಡಿ. ಅರ್ಜಿಯೊಡನೆ ಜನನ ಪ್ರಮಾಣ ಪತ್ರ, ಭಾವಚಿತ್ರಗಳು ಬೇಕು. ಅನೇಕ ಖಾಸಗಿ ಶಾಲೆಗಳಲ್ಲಿ ಇವುಗಳ ಜೊತೆಗೆ ಲಸಿಕೆ ಕಾರ್ಡಿನ ಪ್ರತಿ, ರಕ್ತದ ಗುಂಪಿನ ವಿವರ ಮತ್ತು ವೈದ್ಯರ ಸಹಿಯುಳ್ಳ ಆರೋಗ್ಯ ದೃಢೀಕರಣ ಪತ್ರವನ್ನೂ ಕೇಳಲಾಗುತ್ತದೆ. ಪಾಲಕರು ಒಂದು ದಿನದ ದುಡಿಮೆ ಬಿಟ್ಟು ಈ ಪತ್ರ ತಂದೊಪ್ಪಿಸುತ್ತಾರೆ; ಗುಮಾಸ್ತರು ಅದನ್ನು ಕಡತಕ್ಕೆ ಸೇರಿಸುತ್ತಾರೆ. ಎಷ್ಟೋ ಶಾಲೆಗಳಲ್ಲಿ ಆ ಪತ್ರವನ್ನು ಮತ್ತೆ ತೆರೆದು ನೋಡುವವರಿಲ್ಲ.

ವ್ಯಾಪಾರ–ಕೈಗಾರಿಕೆಗಳಿಗೆ ಮೀಸಲಾದ ಪುಟಗಳಲ್ಲಿ ಇದರ ಪ್ರಸ್ತಾಪ ಏಕೆ ಎಂಬ ಪ್ರಶ್ನೆ ಸಹಜ. ಕಾರಣಗಳು ಎರಡು. ಪೀಣ್ಯದ ಯಂತ್ರಾಗಾರಗಳಲ್ಲಿ, ಬೆಳಗಾವಿಯ ಫೌಂಡ್ರಿಗಳಲ್ಲಿ, ಮಂಗಳೂರಿನ ಗೋಡಂಬಿ ಕಾರ್ಖಾನೆಗಳಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದುಡಿಯುವವರ ಮಕ್ಕಳೇ ಈ ಅರ್ಜಿಗಳಲ್ಲಿನ ಮಕ್ಕಳು. ಇನ್ನು, ಜಿಲ್ಲಾ ಹಾಗೂ ತಾಲ್ಲೂಕು ಕೇಂದ್ರಗಳಲ್ಲಿನ ಅನೇಕ ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ ವರ್ತಕರೂ ಉದ್ಯಮಿಗಳೂ ಕುಳಿತಿದ್ದಾರೆ. ಪತ್ರ ತರಲು ರಜೆ ಕೊಡುವವರೂ ಅವರೇ, ಪತ್ರ ಕೇಳುವವರೂ ಅವರೇ.

ಕಾನೂನಿನ ನಿಲುವು

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಮಿನ ಪ್ರಕಾರ, ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. 13ನೇ ಕಲಮು ಪ್ರವೇಶ ಕಾಲದ ಆಯ್ಕೆ ಪರೀಕ್ಷೆಗಳನ್ನು ನಿಷೇಧಿಸುತ್ತದೆ. ಅಂಗವಿಕಲ ಮಕ್ಕಳನ್ನು ಭೇದವೆಣಿಸದೆ ಸೇರಿಸಿಕೊಳ್ಳುವುದು ಸರ್ಕಾರದ ಮಾನ್ಯತೆ ಪಡೆದ ಶಾಲೆಗಳ ಕರ್ತವ್ಯವೆಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ವಿಧಿಸಿದೆ. ಲಸಿಕೆ ಹಾಕಿಸದ ಮಗುವನ್ನು ಶಾಲೆಯಿಂದ ಹೊರಗಿಡಬೇಕೆನ್ನುವ ಕೇಂದ್ರ ಕಾನೂನು ಭಾರತದಲ್ಲಿ ಇಲ್ಲ.

ಆದ್ದರಿಂದ ಆರೋಗ್ಯ ಪತ್ರವು ಮಗುವನ್ನು ತಡೆಯುವ ಸುಂಕದ ಕಟ್ಟೆಯಾಗಕೂಡದು. ಹಾಗೆಂದು ಅದನ್ನು ಕೇಳುವುದೇ ತಪ್ಪೆಂದೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 12ರಿಂದ 23 ತಿಂಗಳ ಮಕ್ಕಳಲ್ಲಿ ಪೂರ್ಣ ಲಸಿಕೆ ಪಡೆದವರು ಶೇ. 76.4, ಅಂದರೆ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಲಸಿಕೆ ಪೂರ್ಣವಾಗಿರಲಿಲ್ಲ. ಅದೇ ಸಮೀಕ್ಷೆಯಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ. 67.1 ಮಂದಿಯಲ್ಲಿ ರಕ್ತಹೀನತೆ ಕಂಡುಬಂದಿತ್ತು. ಶಾಲೆಯ ಬಾಗಿಲಿಗೆ ಬರುವ ಮಗು ಇಂತಹ ಕೊರತೆಗಳನ್ನು ಹೊತ್ತು ಬರುವ ಸಂಭವವಿದೆ. ಅವುಗಳನ್ನು ಗುರುತಿಸಿ ತುಂಬಿಕೊಡಲು ಶಾಲೆಗಿಂತ ಅನುಕೂಲವಾದ ಸ್ಥಳ ಬೇರೊಂದಿಲ್ಲ. ಲಸಿಕೆ ಕಾರ್ಡ್ ತೋರಿಸಲಾಗದ ಮಗುವನ್ನು ಮೊದಲು ಸೇರಿಸಿಕೊಂಡು, ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು ಕಾನೂನಿಗೂ ವಿವೇಕಕ್ಕೂ ಒಪ್ಪುವ ಕ್ರಮ.

ಸರ್ಕಾರಿ ಸೇವೆಯ ವ್ಯಾಪ್ತಿ

ಭಾರತದಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ಹೊಸತೇನಲ್ಲ. 1909ರಷ್ಟು ಹಿಂದೆಯೇ ಬರೋಡಾ ನಗರದಲ್ಲಿ ಅದು ಆರಂಭವಾಯಿತು. ಆದರೆ 1946ರಲ್ಲಿ ವರದಿ ನೀಡಿದ ಭೋರ್ ಸಮಿತಿಗೆ ದೇಶದಲ್ಲಿ ಶಾಲಾ ಆರೋಗ್ಯ ಸೇವೆ ಇಲ್ಲವೆನ್ನುವಷ್ಟು ಕಡಿಮೆಯಾಗಿ ಕಂಡಿತು. ಇಂದಿನ ಸ್ಥಿತಿ ಅದಕ್ಕಿಂತ ಬಹಳ ಮೇಲು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯಕೀಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಬೇಕು. ಇಬ್ಬರು ಆಯುಷ್ ವೈದ್ಯರು, ಒಬ್ಬ ಶುಶ್ರೂಷಕಿ, ಒಬ್ಬ ಔಷಧ ವಿತರಕರು ತಂಡದಲ್ಲಿರುತ್ತಾರೆ. ಹುಟ್ಟಿನಿಂದ ಬಂದ ದೋಷ, ಪೋಷಕಾಂಶಗಳ ಕೊರತೆ, ಕಾಯಿಲೆ, ಬೆಳವಣಿಗೆಯ ಕುಂಠಿತ – ಈ ನಾಲ್ಕು ವಿಭಾಗಗಳಲ್ಲಿ ಮಕ್ಕಳನ್ನು ಪರೀಕ್ಷಿಸಿ, ಅಗತ್ಯವಿದ್ದವರನ್ನು ಮೇಲಿನ ಆಸ್ಪತ್ರೆಗೆ ಕಳುಹಿಸುತ್ತಾರೆ. ಚಿಕಿತ್ಸೆ ಉಚಿತ.

ಇದರ ಜೊತೆಗೆ ಐದರಿಂದ ಆರು ವರ್ಷದ ನಡುವೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ವಿರುದ್ಧ ವರ್ಧಕ ಲಸಿಕೆ, ಹತ್ತು ಮತ್ತು ಹದಿನಾರನೇ ವಯಸ್ಸಿನಲ್ಲಿ ಟಿ.ಡಿ. ಲಸಿಕೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಶೈಶವದಲ್ಲಿ ಪಡೆದ ರಕ್ಷಣೆ ವರ್ಷಗಳು ಕಳೆದಂತೆ ಕ್ಷೀಣಿಸುವುದರಿಂದಲೇ ಈ ವರ್ಧಕಗಳು ಬೇಕಾಗುತ್ತವೆ. ಎಳೆತನದ ಲಸಿಕೆಗಳನ್ನು ತಪ್ಪದೆ ಹಾಕಿಸಿದ ಪಾಲಕರೂ ಮರೆತುಬಿಡಬಹುದಾದ ಲಸಿಕೆಗಳು ಇವು.

ನಡುವೆ ಉಳಿದವರು

ಇಷ್ಟೆಲ್ಲ ಇದ್ದರೂ ಒಂದು ದೊಡ್ಡ ಬಿರುಕು ಉಳಿದಿದೆ. ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಶಾಲಾ ತಪಾಸಣೆಯನ್ನು ರೂಪಿಸಿರುವುದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗಾಗಿ. ಅನುದಾನರಹಿತ ಖಾಸಗಿ ಶಾಲೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಓದುವವರೆಲ್ಲ ಉಳ್ಳವರ ಮಕ್ಕಳೆಂಬ ಭಾವನೆ ವಾಸ್ತವಕ್ಕೆ ದೂರ. ಇಂಗ್ಲಿಷ್ ಮಾಧ್ಯಮದ ಆಸೆಯಿಂದ ಹಮಾಲರು, ಲೇತ್ ಕೆಲಸಗಾರರು, ಗಾರ್ಮೆಂಟ್ಸ್ ಮಹಿಳೆಯರು ಸಾಲ ಮಾಡಿಯಾದರೂ ಮಕ್ಕಳನ್ನು ಕಡಿಮೆ ಶುಲ್ಕದ ಖಾಸಗಿ ಶಾಲೆಗಳಿಗೆ ಸೇರಿಸುತ್ತಿದ್ದಾರೆ. ಈ ಮಕ್ಕಳಿಗೆ ಸರ್ಕಾರಿ ತಂಡವೂ ಬರುವುದಿಲ್ಲ, ದೊಡ್ಡ ಶಾಲೆಗಳಲ್ಲಿರುವಂಥ ವೈದ್ಯರೂ ಇರುವುದಿಲ್ಲ. ಪ್ರವೇಶದ ದಿನ ತಂದ ಒಂದು ಹಾಳೆಯೇ ಅವರ ಆರೋಗ್ಯ ಸೇವೆ.

ಕಪ್ಪುಹಲಗೆ ಕಾಣದ ಮಗು ದಡ್ಡನೆನಿಸಿಕೊಳ್ಳುತ್ತದೆ. ಕಿವಿ ಮಂದವಾದ ಮಗು ಹಟಮಾರಿಯೆನಿಸಿಕೊಳ್ಳುತ್ತದೆ. ಕೆಲವು ನೂರು ರೂಪಾಯಿಯ ಕನ್ನಡಕದಿಂದ ಸರಿಹೋಗಬಹುದಾಗಿದ್ದ ತೊಂದರೆಯು ಅನುತ್ತೀರ್ಣತೆಗೆ, ಕೊನೆಗೆ ಶಾಲೆ ಬಿಡುವುದಕ್ಕೆ ದಾರಿಯಾಗುತ್ತದೆ. ಕುಶಲ ಕೆಲಸಗಾರರು ಸಿಗುವುದಿಲ್ಲವೆಂಬ ದೂರು ಉದ್ಯಮಿಗಳ ಸಭೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಅಳತೆಯ ಗೆರೆ ಓದಬಲ್ಲ, ನಕ್ಷೆ ಅರ್ಥಮಾಡಿಕೊಳ್ಳಬಲ್ಲ ಕೆಲಸಗಾರ ಐ.ಟಿ.ಐ.ಯಲ್ಲಿ ಏಕಾಏಕಿ ಹುಟ್ಟುವುದಿಲ್ಲ. ಅವನ ತಯಾರಿ ಒಂದನೇ ತರಗತಿಯ ಬೆಂಚಿನಿಂದಲೇ ಶುರುವಾಗುತ್ತದೆ.

ಒಂದು ದಿನದ ರಜೆಯ ಲೆಕ್ಕ

ತಪಾಸಣೆಯಾದರೂ ಕೆಲಸ ಪೂರ್ಣವಾಗುವುದಿಲ್ಲ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಲು ಬರೆದುಕೊಟ್ಟ ಚೀಟಿ ಹಿಡಿದು ಮಗುವನ್ನು ಕರೆದೊಯ್ಯುವವರು ಯಾರು? ದಿನಗೂಲಿಯ ತಾಯಿಗೆ ಅದು ಒಂದು ದಿನದ ಸಂಬಳದ ಪ್ರಶ್ನೆ. ಚಿಕಿತ್ಸೆ ಉಚಿತವಾದರೂ ಆ ದಿನ ಉಚಿತವಲ್ಲ. ಚೀಟಿ ಗೂಡಿನಲ್ಲಿ ಉಳಿಯುತ್ತದೆ.

ನಲವತ್ತು ಜನ ದುಡಿಯುವ ಒಂದು ಘಟಕದಲ್ಲಿ ವರ್ಷಕ್ಕೆ ಮುನ್ನೂರು ದಿನಗಳ ಲೆಕ್ಕದಲ್ಲಿ 12,000 ಕೆಲಸದ ದಿನಗಳಾಗುತ್ತವೆ. ವರ್ಷದಲ್ಲಿ ಹತ್ತು ಮಕ್ಕಳಿಗೆ ಇಂತಹ ಚೀಟಿ ಬಂದಿತೆಂದೂ, ಪ್ರತಿ ಚೀಟಿಗೆ ಒಂದು ದಿನದ ಸಂಬಳ ಸಹಿತ ರಜೆ ಕೊಟ್ಟರೆಂದೂ ಇಟ್ಟುಕೊಂಡರೆ ವೆಚ್ಚವಾಗುವುದು 10 ದಿನಗಳು. ಸಾವಿರಕ್ಕೆ ಒಂದೂ ಆಗದು. ತಿಂಗಳುಗಟ್ಟಲೆ ಕಾಯಿಲೆ ಬೀಳುವ ಮಗುವಿಗಾಗಿ ಅದೇ ಕೆಲಸಗಾರರು ಹೇಳದೆ ಕೇಳದೆ ತಪ್ಪಿಸಿಕೊಳ್ಳುವ ದಿನಗಳನ್ನು ಹಾಜರಿ ಪುಸ್ತಕದಲ್ಲಿ ಎಣಿಸಿ ನೋಡಿದರೆ ಯಾವುದು ದುಬಾರಿ ಎಂಬುದು ತಿಳಿಯುತ್ತದೆ. ಹತ್ತು ಅಥವಾ ಹೆಚ್ಚು ಜನರಿರುವ ಘಟಕಗಳು ಇ.ಎಸ್.ಐ. ವಂತಿಗೆಯನ್ನು ಹೇಗೂ ಕಟ್ಟುತ್ತಿವೆ. ಆ ಯೋಜನೆಯ ವೈದ್ಯಕೀಯ ಸೌಲಭ್ಯ ಕುಟುಂಬಕ್ಕೂ ಅನ್ವಯಿಸುತ್ತದೆ. ಹಣ ಕಟ್ಟಿಯೂ ಸೇವೆ ಬಳಸದಿರುವುದು ಯಾವ ವ್ಯಾಪಾರಿಯೂ ಒಪ್ಪುವ ವ್ಯವಹಾರವಲ್ಲ.

ಇದು ಸರ್ಕಾರದ ಕೆಲಸ, ಸಣ್ಣ ಉದ್ಯಮಿಯ ಮೇಲೆ ಮತ್ತೊಂದು ಹೊರೆ ಬೇಡ ಎಂಬ ಆಕ್ಷೇಪ ಬರಬಹುದು. ಜಿ.ಎಸ್.ಟಿ., ವಿದ್ಯುತ್ ದರ, ಬಾಕಿ ವಸೂಲಿಗಳ ನಡುವೆ ಅದು ಅಸಹಜವೂ ಅಲ್ಲ. ಕಂಪನಿ ಕಾಯ್ದೆ ವಿಧಿಸುವ ಸಾಮಾಜಿಕ ಹೊಣೆಗಾರಿಕೆ ದೊಡ್ಡ ಕಂಪನಿಗಳಿಗೆ ಮಾತ್ರ ಎಂಬುದೂ ನಿಜ. ಆದರೆ ಇಲ್ಲಿ ಕೇಳುತ್ತಿರುವುದು ನಿಧಿಯನ್ನಲ್ಲ. ಸರ್ಕಾರ ಈಗಾಗಲೇ ಒದಗಿಸಿರುವ ಸೇವೆ ಮಗುವನ್ನು ಮುಟ್ಟಲು ಬೇಕಾದ ಕೊನೆಯ ಹೆಜ್ಜೆಯನ್ನು ಮಾತ್ರ.

ಮಾಡಬಹುದಾದದ್ದು

ಆಡಳಿತ ಮಂಡಳಿಗಳಲ್ಲಿರುವ ಸದಸ್ಯರು ತಮ್ಮ ಶಾಲೆಗಳಲ್ಲಿ ಆರೋಗ್ಯ ಪತ್ರವನ್ನು ಪ್ರವೇಶದ ಷರತ್ತಿನಿಂದ ಬಿಡಿಸಿ, ಪ್ರವೇಶದ ನಂತರ ಮೂರು ತಿಂಗಳೊಳಗೆ ಪೂರ್ಣಗೊಳಿಸುವ ಕಾರ್ಡಾಗಿ ಪರಿವರ್ತಿಸಬಹುದು. ಆ ಕಾರ್ಡನ್ನು ವರ್ಷಕ್ಕೊಮ್ಮೆ ತೆರೆದು ಎತ್ತರ, ತೂಕ, ದೃಷ್ಟಿ, ಶ್ರವಣ, ಲಸಿಕೆಗಳ ವಿವರ ತುಂಬುವ ಹೊಣೆಯನ್ನು ಒಬ್ಬ ಶಿಕ್ಷಕರಿಗೆ ವಹಿಸಬಹುದು. ವಾಣಿಜ್ಯೋದ್ಯಮ ಸಂಸ್ಥೆಗಳು ತಾಲ್ಲೂಕು ಆರೋಗ್ಯಾಧಿಕಾರಿಗಳೊಡನೆ ಮಾತನಾಡಿ, ಕಡಿಮೆ ಶುಲ್ಕದ ಖಾಸಗಿ ಶಾಲೆಗಳಲ್ಲಿ ವಾರ್ಷಿಕ ತಪಾಸಣಾ ಶಿಬಿರಗಳನ್ನು ಏರ್ಪಡಿಸಬಹುದು. ಘಟಕಗಳ ಮಾಲೀಕರು ಆಸ್ಪತ್ರೆಯ ಚೀಟಿ ತೋರಿಸಿದವರಿಗೆ ಸಂಬಳ ಸಹಿತ ರಜೆ ನೀಡಬಹುದು. ಮಗುವಿನ ಕಾಯಿಲೆಯ ಹೆಸರು ಮಾಲೀಕರಿಗೆ ಬೇಕಿಲ್ಲ; ಭೇಟಿಯ ದಿನಾಂಕ ಸಾಕು.

ಮುಂದಿನ ಶೈಕ್ಷಣಿಕ ವರ್ಷದ ಅರ್ಜಿ ನಮೂನೆಗಳು ಮುದ್ರಣಕ್ಕೆ ಹೋಗುವ ಮುನ್ನವೇ ಆಡಳಿತ ಮಂಡಳಿಗಳು ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸುವುದು ಅಪೇಕ್ಷಣೀಯ. ನಮೂನೆಯಲ್ಲಿ ಒಂದು ಸಾಲು ಬದಲಾಗಬೇಕು, ಹಾಜರಿ ಪುಸ್ತಕದಲ್ಲಿ ಒಂದು ಬಗೆಯ ರಜೆ ಸೇರಬೇಕು. ಎರಡೂ ವರ್ತಕರ ಮತ್ತು ಉದ್ಯಮಿಗಳ ಸಹಿಯಿಂದಲೇ ಆಗುವ ಕೆಲಸಗಳು.