ಗಾಂಧಿನಗರದ ಗಲ್ಲಿಯಿಂದ: ‘ಕ್ಯಾಟಲ್ ಕಾಲ್’ ಅಂದ್ರೇನು ಸಾರ್?



ಈ ವಾರದ ಪತ್ರಗಳ ಕಟ್ಟಿನಲ್ಲಿ ಒಂದು ಪತ್ರ ನನ್ನ ನಿದ್ದೆ ಕೆಡಿಸಿತು. ಬರೆದವನು ಚಿತ್ರದುರ್ಗದ ಕಡೆಯ ತರುಣ. ಹೆಸರು ಬೇಡ, ಅವನ ಅಪ್ಪನೂ ನಮ್ಮ ಪತ್ರಿಕೆ ಓದುತ್ತಾರಂತೆ! ಪತ್ರ ಹೀಗಿದೆ: “ಸಾರ್, ಬೆಂಗಳೂರಿನಲ್ಲಿ ಹೊಸ ಮುಖಗಳಿಗೆ ಓಪನ್ ಆಡಿಷನ್ ಇದೆ ಅಂತ ಫೋನಿಗೆ ಮೆಸೇಜ್ ಬಂದಿದೆ. ಮೊದಲೇ 2,000 ರೂಪಾಯಿ ಕಟ್ಟಬೇಕಂತೆ. ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರಿಗೆ ತೋರಿಸಿದೆ. ‘ಇದು ಕ್ಯಾಟಲ್ ಕಾಲ್ ಕಣೋ’ ಅಂತ ನಕ್ಕುಬಿಟ್ಟರು. ಹಾಗಂದ್ರೇನು ಸಾರ್? ಹೋಗಲಾ, ಬೇಡವಾ?”

ಮೊದಲು ಮಾತಿನ ಅರ್ಥ ನೋಡೋಣ. ಕ್ಯಾಟಲ್ ಅಂದ್ರೆ ದನ, ಕಾಲ್ ಅಂದ್ರೆ ಕರೆ. ಅಮೆರಿಕದ ದನಗಾಹಿಗಳು ಬಯಲಲ್ಲಿ ಚದುರಿದ ಹಿಂಡನ್ನು ಕೂಗಿ ಕರೆಯುವ ಕೂಗು ಅದು. ಅದನ್ನು ಎತ್ತಿಕೊಂಡು ಬಂದು ನಾಟಕ, ಸಿನಿಮಾದ ನಟರು ತಮಗೇ ಅಂಟಿಸಿಕೊಂಡರು. ಯಾರು ಬೇಕಾದರೂ ಬನ್ನಿ ಅಂತ ಸಾರಿ, ನೂರಾರು ಜನರನ್ನು ಒಂದೇ ದಿನ ಸಾಲಾಗಿ ನಿಲ್ಲಿಸಿ ನೋಡುವ ಆಡಿಷನ್ನಿಗೆ ಈ ಹೆಸರು. ಜಾಹೀರಾತಿನಲ್ಲಿ ಈ ಮಾತು ಹಾಕೋದಿಲ್ಲ, ಅಲ್ಲಿ ‘ಓಪನ್ ಕಾಲ್’ ಅಂತ ಮರ್ಯಾದೆಯ ಮಾತಿರುತ್ತದೆ. ಬಿಸಿಲಲ್ಲಿ ಸಾಲು ನಿಂತು ಕಾಲು ಸೋತವರು ತಮ್ಮ ತಮ್ಮಲ್ಲೇ ಆಡಿಕೊಳ್ಳುವ ಮಾತು ಇದು. ಬೈಗುಳವೂ ಹೌದು, ನಗೆಯೂ ಹೌದು.

ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳಲ್ಲಿ ನಡೆಯೋದು ಹೀಗೆ. ಕೈಗೊಂದು ನಂಬರ್ ಚೀಟಿ. ಹಾಡುವವನಿಗೆ ಸಿಗೋದು ಹಾಡಿನ ಹದಿನಾರು ‘ಬಾರ್’ನಷ್ಟು ತುಂಡು, ಅರ್ಧ ನಿಮಿಷ ಅಂತಿಟ್ಟುಕೊಳ್ಳಿ. ಕೆಲವು ಸಲ ಅದೂ ಇಲ್ಲ. ಎತ್ತರ ಜಾಸ್ತಿ, ಮುಖ ಹೊಂದಲ್ಲ ಅಂತ ನೋಡಿದ ಕೂಡಲೇ ಕಳಿಸಿಬಿಡುತ್ತಾರೆ. ಅದಕ್ಕೆ ‘ಟೈಪ್ ಔಟ್’ ಎನ್ನುತ್ತಾರೆ. ಒಳಗಿಂದ “ಥ್ಯಾಂಕ್ ಯೂ” ಅಂತ ದನಿ ಬಂತೋ, ಬ್ಯಾಗು ತಗೊಂಡು ಹೊರಡು ಅಂತ ಅರ್ಥ! ಇನ್ನೊಮ್ಮೆ ಬಾ ಅಂದರೆ ಅದು ‘ಕಾಲ್ ಬ್ಯಾಕ್’. ಈ ನೋವನ್ನೇ ಕಥೆ ಮಾಡಿ ಗೆದ್ದವರೂ ಇದ್ದಾರೆ. 1975ರಲ್ಲಿ ಬಂದ ‘ಎ ಕೋರಸ್ ಲೈನ್’ ಸಂಗೀತ ನಾಟಕದಲ್ಲಿ ಸಾಲಿನಲ್ಲಿ ನಿಂತವರು 17 ಮಂದಿ, ಕೆಲಸ ಸಿಗೋದು ಎಂಟು ಜನಕ್ಕೆ. ಅಷ್ಟೇ ಕಥೆ. ಬ್ರಾಡ್‌ವೇಯಲ್ಲಿ 6,137 ಪ್ರದರ್ಶನ ಕಂಡಿತು! ಬಾಬ್ ಫಾಸಿ ನಿರ್ದೇಶನದ ‘ಆಲ್ ದಟ್ ಜಾಜ್’ (1979) ಸಿಕ್ಕರೆ ಮೊದಲ ಕೆಲವು ನಿಮಿಷ ತಪ್ಪದೆ ನೋಡಿ. ವೇದಿಕೆಯ ತುಂಬ ಕುಣಿಯುವವರು, ನೋಡನೋಡುತ್ತಿದ್ದಂತೆ ಒಬ್ಬೊಬ್ಬರೇ ಖಾಲಿ. ಕ್ಯಾಟಲ್ ಕಾಲ್ ಅಂದ್ರೆ ಇದೇ ಅಂತ ನಾನು ಬೇರೆ ವಿವರಿಸಬೇಕಾಗಿಲ್ಲ.

ಪ್ರಚಾರಕ್ಕಾಗಿಯೂ ಇಂಥ ಕರೆ ಕೊಡುವುದುಂಟು. ‘ಗಾನ್ ವಿತ್ ದಿ ವಿಂಡ್’ (1939) ಚಿತ್ರದ ನಾಯಕಿಗಾಗಿ ನಿರ್ಮಾಪಕ ಸೆಲ್ಜ್‌ನಿಕ್ ಎರಡು ವರ್ಷ ಊರೂರು ಜಾಲಾಡಿಸಿ ಸುಮಾರು 1,400 ಹೆಣ್ಣುಮಕ್ಕಳನ್ನು ಸಂದರ್ಶಿಸಿದ. ಪತ್ರಿಕೆಗಳಿಗೆ ಹಬ್ಬ. ಕೊನೆಗೆ ಪಾತ್ರ ಸಿಕ್ಕಿದ್ದು ವಿವಿಯನ್ ಲೀಗೆ. ಆಕೆ ಈ ಸಾಲಿನಲ್ಲಿ ನಿಂತವಳಲ್ಲ, ಸೆಲ್ಜ್‌ನಿಕ್‌ನ ಅಣ್ಣ, ಏಜೆಂಟ್ ಮೈರನ್ ಕರೆತಂದು ಪರಿಚಯ ಮಾಡಿಸಿದವಳು. ಆದರೆ ಹುಡುಕಾಟ ಪೂರ್ತಿ ಸುಳ್ಳೂ ಅಲ್ಲ. ಚಾರ್ಲ್ಸ್‌ಟನ್ನಿನ ಅಲಿಶಿಯಾ ರೆಟ್‌ಗೆ ಅದರಿಂದಲೇ ಅದೇ ಚಿತ್ರದಲ್ಲಿ ಬೇರೊಂದು ಪಾತ್ರ ಸಿಕ್ಕಿತು.

ಈಗ ನಿದ್ದೆ ಯಾಕೆ ಕೆಟ್ಟಿತು ಅಂತ ಹೇಳಿಬಿಡ್ತೀನಿ. ದನದ ಜಾತ್ರೆ ನೋಡಿದ್ದೀರಲ್ಲ? ನಮ್ಮ ಅಪ್ಪ ಪ್ರತಿ ವರ್ಷ ಘಾಟಿ ಸುಬ್ರಹ್ಮಣ್ಯದ ಜಾತ್ರೆಗೆ ಹೋಗೋರು. ಕೊಳ್ಳುವವನು ಬಾಯಿ ಬಿಡಿಸಿ ಹಲ್ಲು ನೋಡ್ತಾನೆ, ಸುಳಿ ನೋಡ್ತಾನೆ, ನಾಲ್ಕು ಹೆಜ್ಜೆ ನಡೆಸ್ತಾನೆ, ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ. ಎಷ್ಟೇ ಬಿಗಿ ವ್ಯಾಪಾರವಾಗಲಿ, ದುಡ್ಡು ಬಿಚ್ಚೋದು ಕೊಳ್ಳುವವನೇ. ನನ್ನ ಹೋರಿಯ ಹಲ್ಲು ನೋಡಿದ್ದಕ್ಕೆ ನಾನೇ ಇಷ್ಟು ಕೊಡ್ತೀನಿ ಅಂತ ಯಾವ ರೈತನಾದರೂ ಅಂದಾನೆಯೇ?

ನಾನು ಅಂದೆ. 1979ರಲ್ಲಿ ಅಪ್ಪ ಒಂದು ಜೊತೆ ಹೋರಿ ಮಾರಿ ಬಂದಿದ್ದರು. ಟೈಪಿಂಗ್ ಪರೀಕ್ಷೆಯ ಫೀಸು, ಬಸ್ ಚಾರ್ಜು ಅಂತ ಸುಳ್ಳು ಹೇಳಿ ಅದರಲ್ಲಿ 300 ರೂಪಾಯಿ ಇಸಕೊಂಡು ಬೆಂಗಳೂರಿಗೆ ಬಂದೆ. ‘ಹೊಸ ಮುಖಗಳು ಬೇಕಾಗಿವೆ’ ಅಂತ ಜಾಹೀರಾತು ಕೊಟ್ಟಿದ್ದ ಮಹಾಶಯನೊಬ್ಬ ಮೆಜೆಸ್ಟಿಕ್ ಹತ್ತಿರದ ಲಾಡ್ಜಿನ ರೂಮಿನಲ್ಲಿ ಕೂತಿದ್ದ. ಸ್ಕ್ರೀನ್ ಟೆಸ್ಟಿಗೆ 250. ಮುಖಕ್ಕೆ ಪೌಡರ್ ಬಳಿದರು, ದೀಪ ಹಾಕಿದರು, “ಅಳಪ್ಪಾ” ಅಂದರು. ಅತ್ತೆ. “ಭೇಷ್! ಕಾಗದ ಬರೀತೀವಿ” ಅಂದರು. ಎರಡು ವರ್ಷ ಪೋಸ್ಟ್‌ಮ್ಯಾನ್ ದಾರಿ ಕಾದೆ. ಆಮೇಲೆ ಪತ್ರಿಕೆ ಕೆಲಸಕ್ಕೆ ಸೇರಿ ಮೊದಲ ಸಲ ಶೂಟಿಂಗಿಗೆ ಹೋದಾಗ ಕ್ಯಾಮೆರಾ ಗರಗರ ಅಂತ ಸದ್ದು ಮಾಡಿತು. ಕ್ಯಾಮೆರಾ ಸಹಾಯಕನನ್ನು ಕೇಳಿದೆ. “ಒಳಗೆ ರೀಲು ಓಡ್ತಿದೆಯಲ್ಲ ಸಾರ್” ಅಂದ. ಲಾಡ್ಜಿನ ರೂಮಿನಲ್ಲಿ ನನ್ನ ಎದುರಿಗಿದ್ದ ಕ್ಯಾಮೆರಾ ಉಸಿರೇ ಬಿಟ್ಟಿರಲಿಲ್ಲ. ಅಪ್ಪನಿಗೆ ಈ ವಿಷಯ ಕೊನೆತನಕ ಹೇಳಲಿಲ್ಲ.

ಈ ದಂಧೆ ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಹಾಲಿವುಡ್ ಇರುವ ಕ್ಯಾಲಿಫೋರ್ನಿಯಾದಲ್ಲೇ ಇದು ಎಷ್ಟು ಬೆಳೆದಿತ್ತೆಂದರೆ 2009ರಲ್ಲಿ ಕಾನೂನನ್ನೇ ತರಬೇಕಾಯಿತು. ಆಡಿಷನ್ನಿಗೆ ಅಂತ ನಟನ ಕೈಯಿಂದ ದುಡ್ಡು ಕೀಳೋದು ಅಲ್ಲಿ ಅಪರಾಧ. ಅಲ್ಲಿನ ನಟರ ಸಂಘದ ಕಟ್ಟಳೆಯಂತೆ ಏಜೆಂಟ್ ತಗೊಳ್ಳೋದು ನಟ ದುಡಿದ ಮೇಲೆ, ಅದೂ ನೂರಕ್ಕೆ ಹತ್ತು.

“ಫೀಸು ಕಟ್ಟದೆ ಯಾರು ಬೆಳೆದಿದ್ದಾರೆ ಸಾರ್?” ಅಂತ ಕೆಲವರು ವಾದ ಹೂಡ್ತೀರಿ, ಗೊತ್ತು. ನೀವು ಈಗ ನಿಂತಿರುವಂಥ ಬಸ್ ಸ್ಟ್ಯಾಂಡಿನಿಂದಲೇ ಹೊರಟ ನಮ್ಮ ಬಿ.ಟಿ.ಎಸ್. ಕಂಡಕ್ಟರ್ ಶಿವಾಜಿರಾವ್ ಮದ್ರಾಸಿಗೆ ಹೋಗಿ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಸೇರಿದ. ಅಲ್ಲಿ ಬಾಲಚಂದರ್ ಕಣ್ಣಿಗೆ ಬಿದ್ದು, 1975ರ ‘ಅಪೂರ್ವ ರಾಗಂಗಳ್’ ಚಿತ್ರದಲ್ಲಿ ರಜನೀಕಾಂತ್ ಆದ. ಅದು ಕಲಿಯೋದಕ್ಕೆ ಸೇರಿದ್ದು ಸ್ವಾಮಿ, ಮುಖ ತೋರಿಸೋದಕ್ಕಲ್ಲ. ನಮ್ಮ ಅಣ್ಣಾವ್ರಂತೂ ಗುಬ್ಬಿ ಕಂಪನಿಯಲ್ಲಿ ಬಣ್ಣ ಹಚ್ಚಿ ಪಳಗಿ ‘ಬೇಡರ ಕಣ್ಣಪ್ಪ’ (1954) ಹೊತ್ತಿಗೆ ಸಿದ್ಧವಾಗಿಯೇ ಬಂದವರು.

ದುರ್ಗದ ತಮ್ಮಾ, ನಿನ್ನ ಪ್ರಶ್ನೆಗೆ ಬರ್ತೀನಿ. ಸಾಲಿನಲ್ಲಿ ನಿಲ್ಲೋದಕ್ಕೆ ನಾಚಬೇಡ. ದೊಡ್ಡ ದೊಡ್ಡವರೂ ನಿಂತಿದ್ದಾರೆ. ಈಗಂತೂ ಫೋನಿನಲ್ಲೇ ನಟಿಸಿ ಕಳಿಸು ಅಂತ ಕೇಳುವವರೂ ಇದ್ದಾರೆ, ಬಸ್ ಚಾರ್ಜೂ ಉಳಿಯುತ್ತೆ. ಆದರೆ ಆ ಮೆಸೇಜ್ ಕಳಿಸಿದವನಿಗೆ ಇವತ್ತೇ ಫೋನ್ ಮಾಡಿ ಎರಡು ಮಾತು ಕೇಳು. ಚಿತ್ರದ ಹೆಸರು ಏನು, ನಿರ್ದೇಶಕರು ಯಾರು? “2,000 ಕಟ್ಟಿ ಬಾ, ಆಮೇಲೆ ಹೇಳ್ತೀವಿ” ಅಂದರೆ ಫೋನ್ ಇಟ್ಟುಬಿಡು. ಈಗಾಗಲೇ ಕಟ್ಟಿಬಿಟ್ಟಿದ್ದರೆ ರಸೀದಿ, ಮೆಸೇಜು ಯಾವುದನ್ನೂ ಅಳಿಸದೆ ಹತ್ತಿರದ ಪೊಲೀಸ್ ಠಾಣೆಗೆ ಹೋಗು. ಅಪ್ಪನನ್ನೂ ಜೊತೆಗೆ ಕರಕೊಂಡು ಹೋಗು ಕಣಯ್ಯಾ, ನನ್ನ ಹಾಗೆ ಮುಚ್ಚಿಡಬೇಡ. ಏನಾಯಿತು ಅಂತ ನನಗೆ ಒಂದು ಕಾರ್ಡು ಹಾಕು.

ಹಾಂ, ನಿನ್ನ ಫೋಟೋ ನೋಡಿದೆ. ಕೂಲಿಂಗ್ ಗ್ಲಾಸ್ ತೆಗೆದು ಇನ್ನೊಂದು ತೆಗೆಸು. ಕಣ್ಣು ಕಾಣಿಸಬೇಕಲ್ಲ!