ಶಬ್ದವಿಚಾರ: ಚಾಡಿಕೋರನ ಮೂಗು

ಚಾಡಿ ಹೇಳುವವನಿಗೆ ಅಮರಕೋಶದಲ್ಲಿ ‘ಕರ್ಣೇಜಪ’ನೆಂದು ಹೆಸರುಂಟು, ಕಿವಿಯಲ್ಲಿ ಜಪಿಸುವವನೆಂದರ್ಥ. ನಮ್ಮವರು ಕಿವಿಯನ್ನು ಹಿಡಿದರೆ ಇಂಗ್ಲಿಷರು ಮೂಗನ್ನು ಹಿಡಿದರು. ಅವರ ‘ಸ್ನಿಚ್’ ಎಂಬ ಶಬ್ದಕ್ಕೆ 17ನೆಯ ಶತಮಾನದಲ್ಲಿ ಮೂಗಿನ ಮೇಲಿನ ಚಿಟಿಕೆಯೇಟು, ಬಳಿಕ ಮೂಗು, 18ನೆಯ ಶತಮಾನದಲ್ಲಿ ಗುಟ್ಟು ಬಿಟ್ಟುಕೊಡುವವನು ಎಂದು ಅರ್ಥ ಬೆಳೆಯಿತು. ಪೊಲೀಸರಿಗೆ ಸುಳಿವು ಕೊಡುವ ‘ನಾರ್ಕ್’ ಕೂಡ ರೋಮಾನಿ ಭಾಷೆಯ ‘ನಾಕ್’ ಇರಬೇಕೆಂದು ಹಲವರ ಮತ. ಆ ಜನರ ಪೂರ್ವಿಕರು ಭರತಖಂಡದಿಂದ ಹೋದವರು; ಹಿಂದಿಯಲ್ಲಿಯೂ ನಾಕ್ ಎಂದರೆ ಮೂಗೇ.

ಎಲ್ಲಕ್ಕಿಂತ ಸ್ವಾರಸ್ಯವಾದುದು ‘ಸಿಕೊಫಂಟ್’. ಗ್ರೀಕಿನಲ್ಲಿ ‘ಸೂಕೋನ್’ ಎಂದರೆ ಅಂಜೂರ. ‘ಫೈನೋ’ ಎಂದರೆ ತೋರಿಸುತ್ತೇನೆ. ಇದು ನಮ್ಮ ‘ಭಾ’ ಧಾತುವಿನ ಬಳಗವೇ. ಅಥೆನ್ಸ್ ನಗರದಲ್ಲಿ ಸ್ವಲಾಭಕ್ಕಾಗಿ ಇತರರ ಮೇಲೆ ಫಿರ್ಯಾದು ಹೂಡುವವನಿಗೆ ಈ ಹೆಸರಿತ್ತು. ಅಂಜೂರವನ್ನು ಹೊರಗೆ ಸಾಗಿಸುವುದು ನಿಷಿದ್ಧವಾಗಿದ್ದಾಗ, ಸಾಗಿಸಿದವರನ್ನು ತೋರಿಸಿಕೊಟ್ಟವನೇ ಇವನೆಂದು ಪ್ಲೂಟಾರ್ಕನು ಹೇಳುತ್ತಾನೆ. ಈಗಿನ ಪಂಡಿತರು ಅದನ್ನು ನಂಬಲು ಹಿಂಜರಿಯುತ್ತಾರೆ. 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗಲೂ ಅದಕ್ಕೆ ಪಿಶುನನೆಂಬ ಅರ್ಥವಿತ್ತು, ಈಗ ಹೊಗಳುಭಟ್ಟನೆಂದು. ಅರ್ಥವು ಕೆಟ್ಟಿತೆಂದು ನಮಗೆ ತೋರುವುದಿಲ್ಲ. ಒಬ್ಬನನ್ನು ದೂರುವುದು ಇನ್ನೊಬ್ಬನನ್ನು ಮೆಚ್ಚಿಸುವುದಕ್ಕೆ ತಾನೆ?

ಇದು ನಮಗೆ ತಡವಾಗಿ ತಿಳಿಯಿತು. ಉಪಾಧ್ಯಾಯರಾಗಿದ್ದಾಗ, ವಿನಯಶೀಲನೆಂದು ನಾವು ಬಹಳ ಮೆಚ್ಚಿದ್ದ ಹುಡುಗನೊಬ್ಬನು ಬಂದು, ನಮ್ಮ ಚಾಕುವನ್ನು ಕದ್ದವನು ಇಂಥವನೆಂದು ಪಿಸುಗುಟ್ಟಿದನು. ಕರ್ಣೇಜಪನಿಗೆ ಒಂದು ಕಿವಿ ಬೇಕಷ್ಟೆ; ಅದು ನಮ್ಮದಾಯಿತು. ವಿಚಾರಿಸದೆ ಬೆತ್ತ ಎತ್ತಿದೆವು. ಮರುದಿನ ಚಾಕು ಹಾಜರಿ ಪುಸ್ತಕದೊಳಗೇ ಸಿಕ್ಕಿತು. ಏಟು ತಿಂದ ಹುಡುಗನು ಮತ್ತೆ ಶಾಲೆಗೆ ಬರಲಿಲ್ಲ.