ವಿಷಯವನ್ನು ಸಭೆಯೇ ಹೇಳಲಿ



ಹಿಂದೆ ಊರಿನಲ್ಲಿ ಡಂಗುರ ಸಾರುತ್ತಿದ್ದರು. ಈಗ ಆಟೋಗೆ ಮೈಕು ಕಟ್ಟಿ ಕೂಗುತ್ತಾರೆ. ನಾಳೆ ಗ್ರಾಮಸಭೆ ಇದೆ, ಎಲ್ಲರೂ ಬರತಕ್ಕದ್ದು ಎಂದು. ಜನ ಬರುತ್ತಾರೆ. ಸಹಿ ಪುಸ್ತಕ ಮೊದಲು ಸುತ್ತಿ ಬರುತ್ತದೆ, ಮಾತು ಆಮೇಲೆ. ಎಲ್ಲೋ ಸಿದ್ಧವಾದ ಪಟ್ಟಿಯನ್ನು ಯಾರೋ ಓದುತ್ತಾರೆ. ಮುಂದಿನ ಸಾಲಿನವರು ಆಗಲಿ ಎನ್ನುತ್ತಾರೆ, ಹಿಂದಿನ ಸಾಲಿನವರು ಎದ್ದು ಹೊಲಕ್ಕೆ ಹೋಗುತ್ತಾರೆ. ಚಳ್ಳಕೆರೆ ಸೀಮೆಯ ಹಿರಿಯರೊಬ್ಬರು ನಮ್ಮೆದುರು ನೊಂದು ನುಡಿದರು: "ಬುದ್ಧೀ, ನಾವು ಹೋಗೋದು ಅವರು ಓದಿದ್ದು ಕೇಳಾಕೆ. ನಮ್ಮದು ಹೇಳಾಕಲ್ಲ."

ಈ ಮಾತು ಪಂಚಾಯಿತಿಗೆ ಮಾತ್ರ ತಾಗುವಂಥದ್ದಲ್ಲ. ಮಠಕ್ಕೂ ತಾಗುತ್ತದೆ, ನಮಗೂ ತಾಗಿತು.

ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. ತಂದೆತಾಯಿಗಳ ಸೇವೆ ಮಾಡಬೇಕು, ಸತ್ಯ ನುಡಿಯಬೇಕು, ಗುರುವನ್ನು ಗೌರವಿಸಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು ಎಂಬ ಉಪದೇಶ ಅಲ್ಲಿದೆ. ಬಲು ಒಳ್ಳೆಯ ಮಾತುಗಳೇ. ಆದರೆ ಅಲ್ಲಿ ವಿಷಯ ಅರಸನದು, ಕೇಳುವ ಕಿವಿ ಮಾತ್ರ ಪ್ರಜೆಯದು.

ಅದಾಗಿ ಸುಮಾರು 1,400 ವರ್ಷಗಳ ಮೇಲೆ ಕಲ್ಯಾಣದಲ್ಲಿ ಬೇರೊಂದು ರೀತಿ ಕಾಣಿಸಿತು. ಶೂನ್ಯಸಂಪಾದನೆಯು ಚಿತ್ರಿಸುವ ಅನುಭವ ಮಂಟಪವನ್ನು ನೆನೆಯಿರಿ. ಶೂನ್ಯಸಿಂಹಾಸನದ ಮೇಲೆ ಅಲ್ಲಮಪ್ರಭುದೇವರು. ಎದುರಿಗೆ ಮಡಿವಾಳ, ಅಂಬಿಗ, ಹಗ್ಗ ಹೊಸೆಯುವವರು, ಅಕ್ಕಿ ಆಯುವವರು. ಇಂದು ಇದನ್ನೇ ಚರ್ಚಿಸಬೇಕು ಎಂದು ಪ್ರಭುದೇವರು ಪಟ್ಟಿ ಹಿಡಿದು ಕುಳಿತವರಲ್ಲ. ಪ್ರತಿಯೊಬ್ಬ ಶರಣನು ತನ್ನ ಕಾಯಕದಲ್ಲಿ ಹುಟ್ಟಿದ ಸಂದೇಹವನ್ನೇ ಸಭೆಗೆ ತಂದನು. ಆಯ್ದಕ್ಕಿ ಮಾರಯ್ಯನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಸತಿ ಲಕ್ಕಮ್ಮನು ಅದನ್ನು ಒಪ್ಪದೆ ಹಿಂದಕ್ಕೆ ಕಳುಹಿಸಿದಳು. ಅದು ಅಡುಗೆಮನೆಯ ಬಾಗಿಲಲ್ಲಿ ಹುಟ್ಟಿದ ಪ್ರಶ್ನೆ. ಎಷ್ಟು ಇದ್ದರೆ ಸಾಕು ಎಂಬ ಆ ಪ್ರಶ್ನೆಯನ್ನು ಇಂದಿಗೂ ಯಾವ ಪಂಡಿತನೂ ಪೂರ್ತಿ ಉತ್ತರಿಸಿ ಮುಗಿಸಿಲ್ಲ.

ಸಿದ್ಧಾಂತ ಶಿಖಾಮಣಿಯಲ್ಲಿಯೂ ಇದೇ ಕ್ರಮವಿದೆ. ರೇಣುಕಾಚಾರ್ಯರು ತತ್ತ್ವವನ್ನು ಬೋಧಿಸುವುದು ಅಗಸ್ತ್ಯ ಮಹರ್ಷಿಗಳು ಕೇಳಿದ ಮೇಲೆ. ಕೇಳುವವನ ಹಸಿವು ತಿಳಿಯದೆ ಬಡಿಸಿದ ಊಟ ಎಲೆಯಲ್ಲಿಯೇ ಉಳಿಯುತ್ತದೆ.

ನಮ್ಮ ನಾಡಿನ ಕಾನೂನು ಈ ಮರ್ಮವನ್ನು ಅರಿಯದ್ದಲ್ಲ. ಕೊಳವೆಬಾವಿ ಕೊರೆಸಿ ನೀರ್ ಸಾಬ್ ಎಂದೇ ಹೆಸರಾದ ಅಬ್ದುಲ್ ನಜೀರ್ ಸಾಬರ ಶ್ರಮದಿಂದ 1983ರ ಕಾಯಿದೆ ಬಂತು, 1987ರಲ್ಲಿ ಅದರಂತೆ ಚುನಾವಣೆ ನಡೆಯಿತು. ಮುಂದೆ 1993ರ ಪಂಚಾಯತ್ ರಾಜ್ ಅಧಿನಿಯಮ ಬಂದಿತು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದಿದೆ. ಅದಕ್ಕೂ ಮೊದಲು ವಾರ್ಡ್ ಸಭೆಯಲ್ಲಿ ಜನರೇ ತಮ್ಮ ಬೇಡಿಕೆಗಳನ್ನು ಹೇಳಿ, ಯಾವುದು ಮೊದಲು ಯಾವುದು ಆಮೇಲೆ ಎಂದು ನಿಶ್ಚಯಿಸಬೇಕೆಂದಿದೆ. ಬಾಗಿಲು ತೆರೆದೇ ಇದೆ. ಒಳಗೆ ಹೋಗುವ ರೂಢಿ ನಮಗೆ ತಪ್ಪಿಹೋಗಿದೆ.

ನಮಗೆ ಈ ಪಾಠ ಹೇಗೆ ಆಯಿತೆಂಬುದನ್ನು ಮುಚ್ಚಿಡದೆ ಹೇಳುತ್ತೇವೆ. ಊರಿನ ಹೆಸರು ಬೇಡ. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ದೇವಸ್ಥಾನದ ಗೋಪುರದ ಸಲುವಾಗಿ ಭಕ್ತರ ಸಭೆ ಕರೆದಿದ್ದೆವು. ಗುಡಿಯ ಜಗಲಿಯ ಮೇಲೆ ನಮಗೆ ಪೀಠ ಹಾಕಿದ್ದರು. ಮಠದಿಂದ ತಂದ ಪಟ್ಟಿಯಲ್ಲಿ ಮೂರು ವಿಷಯ: ಗೋಪುರ, ಜಾತ್ರೆಯ ಖರ್ಚು, ದಾಸೋಹದ ಕಾಳು. ಓದಲು ಆರಂಭಿಸುವಷ್ಟರಲ್ಲಿ ಗಮನಿಸಿದೆವು. ಕೇರಿಯ ಜನ ರಸ್ತೆಯ ಆಚೆ ನಿಂತಿದ್ದಾರೆ, ಹೆಣ್ಣುಮಕ್ಕಳು ಗೋಡೆಯ ಮರೆಯಲ್ಲಿದ್ದಾರೆ. ಜಗಲಿ ಹತ್ತಲಾಗದವರ ಮಾತು ಜಗಲಿಗೆ ಹೇಗೆ ಬಂದೀತು?

ಸಭೆಯನ್ನು ಶಾಲೆಯ ಬಯಲಿನ ಬೇವಿನ ಮರದ ಕೆಳಕ್ಕೆ ಎಬ್ಬಿಸಿದೆವು. ಕಂಬಳಿ ಹಾಸಿ ಎಲ್ಲರೂ ದುಂಡಗೆ ಕುಳಿತೆವು. ಪಟ್ಟಿಯನ್ನು ಮಡಿಚಿಟ್ಟು, ನಿಮ್ಮ ಮನಸ್ಸಿನಲ್ಲಿ ಏನಿದೆಯೋ ಅದೇ ಇಂದಿನ ವಿಷಯ ಎಂದೆವು. ಬಹಳ ಹೊತ್ತು ಮೌನ. ಆ ಮೌನವನ್ನು ತಡೆದುಕೊಳ್ಳುವುದು ನಮಗೆ ಕಷ್ಟವಾಯಿತು. ಕೊನೆಗೆ ಒಬ್ಬ ಅಜ್ಜಿ ತಲೆಯ ಮೇಲೆ ಸೆರಗೆಳೆದುಕೊಂಡು, "ಬುದ್ಧೀ, ಗೋಪುರ ಇಲ್ದಿದ್ರೆ ದೇವರೇನು ಬೀಳಲ್ಲ. ಮಳೆಗಾಲದಾಗೆ ಹೆಣ ಹೊತ್ತೋರು ಬೀಳ್ತಾರೆ" ಎಂದಳು.

ಹೇಳು ತಾಯಿ, ಎಂದೆವು. ರುದ್ರಭೂಮಿಯ ದಾರಿ ಒತ್ತುವರಿಯಾಗಿ, ಹೆಣವನ್ನು ಕೆಸರಿನ ಬದುವಿನ ಮೇಲೆ ಹೊತ್ತೊಯ್ಯುವ ಸಂಗತಿ ಆಗ ಹೊರಬಂತು. ಅವಳ ಮಾತಿನಿಂದ ಉಳಿದವರ ನಾಲಿಗೆಯೂ ಸಡಿಲಿತು. ಹನ್ನೊಂದು ವಿಷಯಗಳಾದವು. ಶಾಲೆಯ ಹಲಗೆಯ ಮೇಲೆ ಬರೆಸಿ, ಓದು ಬಾರದವರಿಗಾಗಿ ಎರಡೆರಡು ಬಾರಿ ಕೂಗಿ ಹೇಳಿಸಿದೆವು. ನಮ್ಮದು ಶೇಂಗಾದ ಸೀಮೆಯಲ್ಲವೇ! ತಲೆಗೆ ಮೂರು ಶೇಂಗಾ ಕಾಯಿ ಕೊಟ್ಟು, ಯಾವುದು ಮುಖ್ಯವೋ ಅದರ ಮುಂದೆ ಇಡಿ ಎಂದೆವು. ದಾರಿ ಮೊದಲನೆಯದಾಯಿತು, ಕುಡಿಯುವ ನೀರು ಎರಡನೆಯದು. ಗೋಪುರ ಐದನೆಯದಕ್ಕೆ ಇಳಿಯಿತು.

ನಮಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಇನ್ನೂ ಬಿಗಿಯಾದ ಸಂಗತಿಯಿದೆ. ದಾರಿಯನ್ನು ಒತ್ತಿದ್ದ ಇಬ್ಬರೂ ಮಠದ ಭಕ್ತರೇ, ಅವರಲ್ಲೊಬ್ಬರು ಗೋಪುರಕ್ಕೆ ದೊಡ್ಡ ಕಾಣಿಕೆ ಒಪ್ಪಿಕೊಂಡಿದ್ದವರು. ನಾವು ಇಬ್ಬರ ಮನೆಗೂ ಹೋದೆವು. ಒಬ್ಬರು ತಮ್ಮ ಬದುವನ್ನು ಹಿಂದಕ್ಕೆ ಸರಿಸಿದರು. ಕಾಣಿಕೆಯ ಮಾತು ಕೊಟ್ಟವರು ಅಂದಿನಿಂದ ಮಠಕ್ಕೆ ಬರುವುದನ್ನೇ ಬಿಟ್ಟಿದ್ದಾರೆ. ದಾರಿ ಅರ್ಧ ಆಗಿದೆ, ಗೋಪುರ ನಿಂತಿದೆ. ಹೀಗಿದ್ದರೂ ಅಂದು ಪಟ್ಟಿ ಮಡಿಚಿದ್ದು ತಪ್ಪೆಂದು ನಮಗೆ ಒಮ್ಮೆಯೂ ಅನಿಸಿಲ್ಲ. ನಮ್ಮ ಪಟ್ಟಿಯನ್ನೇ ಓದಿದ್ದರೆ ಗೋಪುರ ಏಳುತ್ತಿತ್ತು, ಅದರ ನೆರಳಿನಲ್ಲಿ ಹೆಣ ಹೊತ್ತವರು ಜಾರುತ್ತಲೇ ಇರುತ್ತಿದ್ದರು.

ಅಮೆರಿಕದ ಹ್ಯಾರಿಸನ್ ಓವೆನ್ ಎಂಬುವರು 1985ರ ಸುಮಾರಿಗೆ ಇಂಥದೇ ಪದ್ಧತಿಯನ್ನು ಹೊರತಂದರೆಂದು ಓದಿದ ಶಿಷ್ಯರೊಬ್ಬರು ತಿಳಿಸಿದರು. ದೊಡ್ಡ ಸಮ್ಮೇಳನದ ಭಾಷಣಗಳಿಗಿಂತ ಕಾಫಿಯ ಬಿಡುವಿನ ಮಾತೇ ಜನಕ್ಕೆ ಹಿಡಿಸಿದ್ದನ್ನು ಕಂಡು, ಬಂದವರೇ ದುಂಡಗೆ ಕುಳಿತು ವಿಷಯ ಗೊತ್ತುಮಾಡುವ ಕ್ರಮವನ್ನು ಅವರು ರೂಪಿಸಿದರಂತೆ. ನಮ್ಮ ಸಂತೆಯ ಹೋಟೆಲಿನ ಮುಂದಿನ ಮಾತುಕತೆ ಬಲ್ಲವರಿಗೆ ಇದು ಅಚ್ಚರಿಯಲ್ಲ.

ವಿಷಯ ಜನರ ಕೈಗೆ ಕೊಟ್ಟರೆ ಸಭೆ ಸಂತೆಯಾಗುತ್ತದೆ ಎಂದು ಹಿರಿಯರು ಅಂಜುತ್ತಾರೆ. ಅಂಜಿಕೆ ಸುಳ್ಳಲ್ಲ. ಹಳೆಯ ಜಗಳ ತೆಗೆಯುವವರಿದ್ದಾರೆ, ಕುಡಿದು ಬರುವವರಿದ್ದಾರೆ. ಆದ್ದರಿಂದಲೇ ಹಿರಿಯರು ಬೇಕು. ಒಬ್ಬರು ಮಾತಾಡುವಾಗ ಇನ್ನೊಬ್ಬರು ತಡೆಯದಂತೆ ನೋಡುವುದು, ಮೂಲೆಯಲ್ಲಿ ಸುಮ್ಮನಿದ್ದವರನ್ನು ಹೆಸರು ಹಿಡಿದು ಕೇಳುವುದು ಹಿರಿಯರ ಕಾಯಕ. ತಮ್ಮ ಅಭಿಪ್ರಾಯವನ್ನು ಅವರು ಕಟ್ಟಕಡೆಗೆ ಹೇಳಲಿ. ಗೌಡರು ಮೊದಲೇ ಬಾಯಿ ಬಿಟ್ಟರೆ ಉಳಿದ ಬಾಯಿಗಳು ಮುಚ್ಚಿಕೊಳ್ಳುತ್ತವೆ. ಸ್ವಾಮಿಗಳ ವಿಷಯದಲ್ಲಂತೂ ಈ ಮಾತು ಇಮ್ಮಡಿ ನಿಜ.

ಇನ್ನೊಂದು ಕಟ್ಟುಪಾಡು ಇರಲಿ. ವಿಷಯ ಎತ್ತಿದವರು ಅದಕ್ಕೆ ಹೆಗಲನ್ನೂ ಕೊಡಬೇಕು. ನಾಯಕನಹಟ್ಟಿಯ ಗುರು ತಿಪ್ಪೇರುದ್ರಸ್ವಾಮಿಗಳು ಈ ಬರದ ನಾಡಿನಲ್ಲಿ ಕೆರೆಗಳನ್ನು ಕಟ್ಟಿಸಿದ ಮಹಿಮೆಯನ್ನು ನೀವೆಲ್ಲ ಬಲ್ಲಿರಿ. ಮಾಡಿದಷ್ಟು ನೀಡು ಭಿಕ್ಷೆ ಎಂಬ ಅವರ ನುಡಿ ಜನರ ಬಾಯಲ್ಲಿ ಇಂದಿಗೂ ಇದೆ. ಮಣ್ಣು ಹೊತ್ತವನಿಗೇ ಕೂಲಿ ಎಂದಾದ ಮೇಲೆ, ಕೆರೆ ಎಲ್ಲಿ ಬೇಕೆಂದು ಹೇಳುವ ಹಕ್ಕೂ ಮಣ್ಣು ಹೊರುವವನಿಗೆ ಇರಲಿ, ಹೇಳಿದವನು ಮಣ್ಣನ್ನೂ ಹೊರಲಿ.

ಮುಂದಿನ ಸಭೆಗೆ ಹೋಗುವ ಹಿರಿಯರಲ್ಲಿ ನಮ್ಮ ಕೋರಿಕೆ ಇಷ್ಟೇ. ಹೋಗುವ ಮುನ್ನ ಮನೆಯ ಹೆಣ್ಣುಮಕ್ಕಳನ್ನು, ಹೊಲದ ಆಳುಗಳನ್ನು, ಕೇರಿಯ ನೆರೆಯವರನ್ನು ಕೇಳಿ. ಅವರನ್ನು ಜೊತೆಗೇ ಕರೆದುಕೊಂಡು ಹೋಗಿ. ಎಲ್ಲರೂ ಕೂರಬಹುದಾದ ಜಾಗದಲ್ಲಿಯೇ ಸಭೆ ನಡೆಯಲೆಂದು ಹಟ ಹಿಡಿಯಿರಿ. ಸಹಿ ಮಾಡುವ ಮುಂಚೆ, ನಮ್ಮ ವಿಷಯ ನಡಾವಳಿಯಲ್ಲಿ ಬರೆದಿದ್ದೀರಾ, ಓದಿ ಹೇಳಿ ಎನ್ನಿ. ಮಠದ ಸಭೆಗೆ ಬಂದಾಗ ನಮ್ಮನ್ನೂ ಹಾಗೆಯೇ ಕೇಳಿ.

ಸರ್ವರಿಗೂ ಸನ್ಮಂಗಳವಾಗಲಿ.